ಪುನ್ನಾಟದ ಜಿನಸೇನಾಚಾರ್ಯರೂ ಕಪಿಲಾತೀರದ ಕೀರ್ತಿಪುರವೂ

ಫಾಲ್ಗುಣದ ಅಷ್ಟಾಹ್ನಿಕ ಪರ್ವ ಮುಗಿದ ಮರುವಾರ ಹೆಗ್ಗಡದೇವನಕೋಟೆಯ ಕಡೆಗೆ ಹೋಗುವ ಸಂದರ್ಭ ಒದಗಿತು. ಜೊತೆಯಲ್ಲಿ ನನ್ನ ತಂಗಿಯ ಮಗನಿದ್ದನು. ಬೀಚನಹಳ್ಳಿಯ ಅಣೆಕಟ್ಟನ್ನು ನೋಡಿಕೊಂಡು, ಹಿನ್ನೀರಿನ ಅಂಚಿನಲ್ಲಿ ಕಾರು ಹೋಗುವವರೆಗೂ ಹೋಗಿ, ಅಲ್ಲಿಂದ ಮುಂದಕ್ಕೆ ನಡೆದೆವು. ಬೇಸಿಗೆಯ ಮೊದಲ ದಿನಗಳಾದುದರಿಂದ ನೀರು ಒಂದಿಷ್ಟು ಹಿಂದೆ ಸರಿದಿತ್ತು. ಅರ್ಧ ಶತಮಾನದ ಹಿಂದೆ ಮುಳುಗಿದ ಕಾಡಿನ ಮರಗಳು ಒಣಬೊಡ್ಡೆಗಳಾಗಿ ನೀರಿನಿಂದ ತಲೆ ಎತ್ತಿ ನಿಂತಿದ್ದವು. ಒಂದೊಂದರ ಮೇಲೂ ಒಂದೊಂದು ನೀರುಕಾಗೆ. ದನ ಮೇಯಿಸುತ್ತಿದ್ದ ವೃದ್ಧರೊಬ್ಬರನ್ನು ಕಿತ್ತೂರು ಯಾವ ಕಡೆಗೆ ಬರುತ್ತದೆಯೆಂದು ಕೇಳಿದೆ. ಅವರು ಕೋಲನ್ನು ನೀರಿನ ಕಡೆಗೆ ಚಾಚಿ, "ಅಲ್ಲೇ ಸ್ವಾಮಿ, ನೀರೊಳಗೇ ಐತೆ. ನೋಡೋಕೆ ಏನೂ ಇಲ್ಲ" ಎಂದರು. ನಾವು ನೋಡಲು ಹೋದ ಪಟ್ಟಣ ಅದೇ.

ಈ ಕಿತ್ತೂರು ಬೆಳಗಾವಿ ಸೀಮೆಯ ಚೆನ್ನಮ್ಮನ ಕಿತ್ತೂರಲ್ಲ. ಪುನ್ನಾಟವೆಂಬ ಪ್ರಾಚೀನ ರಾಜ್ಯದ ರಾಜಧಾನಿಯಾಗಿ ಶಾಸನಗಳಲ್ಲಿ ಹೆಸರಾದ ಕಿತ್ತಿಪುರ, ಅಂದರೆ ಕೀರ್ತಿಪುರ, ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಪಿನಿ, ಕಪಿಲೆ, ಕಬಿನಿ ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ನದಿಯ ದಡದಲ್ಲಿದ್ದ ಊರು. ಗ್ರೀಕ್ ಭೂಗೋಳಜ್ಞ ಟಾಲೆಮಿಯು ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿಯೇ ವೈಡೂರ್ಯ ದೊರೆಯುವ ಪುನ್ನಾಟವನ್ನು ಹೆಸರಿಸಿದ್ದಾನೆ. ಗಂಗರ ದುರ್ವಿನೀತನ ತಾಯಿ ಪುನ್ನಾಟದ ಸ್ಕಂದವರ್ಮನ ಮಗಳು. ಆ ಸಂಬಂಧದ ಮೂಲಕವೇ ಈ ನಾಡು ಗಂಗರ ಕೈಸೇರಿತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಪೂರ್ಣಗೊಂಡು, 2284 ಅಡಿಗಳ ಮಟ್ಟದವರೆಗೆ ಸುಮಾರು ಹತ್ತೊಂಬತ್ತೂವರೆ ಟಿ.ಎಂ.ಸಿ. ನೀರು ನಿಂತಾಗ ಕೀರ್ತಿಪುರವೂ ಅನೇಕ ಹಳ್ಳಿಗಳೂ ಕಾಕನಕೋಟೆಯ ಕಾಡಿನ ಭಾಗವೂ ಮುಳುಗಿದವು.

ನಮ್ಮ ಪ್ರಯಾಣಕ್ಕೆ ಒಂದು ಕಾರಣವಿತ್ತು. ನನ್ನ ಸೋದರಳಿಯನು ಸದಸ್ಯನಾಗಿರುವ ಒಂದು ಬಸದಿಯ ಟ್ರಸ್ಟಿನವರು ಇಲ್ಲಿ ಒಂದು ಶಿಲಾಫಲಕವನ್ನು ನಿಲ್ಲಿಸಬೇಕೆಂದು ಯೋಚಿಸಿ, ವೆಚ್ಚದ ಒಂದು ಭಾಗವನ್ನು ನನ್ನಿಂದ ಅಪೇಕ್ಷಿಸಿದ್ದರು. ನಾನು ಒಪ್ಪಿಯೂ ಇದ್ದೆ. ಫಲಕದ ಒಕ್ಕಣೆ ಕೈಗೆ ಬಂದದ್ದು ಆಮೇಲೆ. "ಹರಿವಂಶಪುರಾಣಕರ್ತೃಗಳಾದ ಭಗವಜ್ಜಿನಸೇನಾಚಾರ್ಯರ ಜನ್ಮಭೂಮಿ" ಎಂದು ಅದರ ತಲೆಬರಹವಿತ್ತು. ಆರು ಮಾತುಗಳೂ ಇಲ್ಲದ ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ. ಅವನ್ನು ತೋರಿಸುವುದೂ, ಆ ನೆಪದಲ್ಲಿ ನಮ್ಮ ಮನೆಗಳಲ್ಲಿ ಹೆಸರು ಮಾತ್ರ ಉಳಿದು ಓದು ನಿಂತುಹೋಗಿರುವ ಒಂದು ಮಹಾಗ್ರಂಥದ ಗುಣದೋಷಗಳನ್ನು ವಿವೇಚಿಸುವುದೂ ಈ ಲೇಖನದ ಉದ್ದೇಶ.

ಮೊದಲನೆಯ ತಪ್ಪು ವ್ಯಕ್ತಿಯನ್ನು ಕುರಿತದ್ದು. ಜಿನಸೇನರೆಂಬ ಹೆಸರಿನ ಆಚಾರ್ಯರು ಇಬ್ಬರು. 'ಭಗವಜ್ಜಿನಸೇನ'ರೆಂದು ನಾವು ಭಕ್ತಿಯಿಂದ ಹೇಳುವವರು ಪಂಚಸ್ತೂಪಾನ್ವಯದ ವೀರಸೇನಾಚಾರ್ಯರ ಶಿಷ್ಯರು. ಜಯಧವಳಾ ಟೀಕೆಯನ್ನು ಶಕವರ್ಷ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದವರು, ರಾಷ್ಟ್ರಕೂಟ ಅಮೋಘವರ್ಷನ ಗೌರವಕ್ಕೆ ಪಾತ್ರರಾದವರು. ಪಂಪನ ಆದಿಪುರಾಣಕ್ಕೆ ಮೂಲವಾದುದು ಇವರ ಪೂರ್ವಪುರಾಣ. ಹರಿವಂಶಪುರಾಣವನ್ನು ಬರೆದವರು ಬೇರೆ. ಅವರು ಪುನ್ನಾಟ ಸಂಘದವರು, ಕೀರ್ತಿಷೇಣರ ಶಿಷ್ಯರು. ಇದಕ್ಕೆ ದೂರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಹರಿವಂಶದ ಮೊದಲ ಸರ್ಗದಲ್ಲಿ ಪೂರ್ವಕವಿಗಳನ್ನು ಸ್ಮರಿಸುವಾಗ ಸಮಂತಭದ್ರ, ಸಿದ್ಧಸೇನ, ದೇವನಂದಿ, ರವಿಷೇಣ, ವರಾಂಗಚರಿತದ ಜಟಾಸಿಂಹನಂದಿ ಮೊದಲಾದವರ ಸಾಲಿನಲ್ಲಿ ವೀರಸೇನರನ್ನೂ, ಪಾರ್ಶ್ವಜಿನರ ಗುಣಗಳನ್ನು ಹಾಡಿದ ಜಿನಸೇನರನ್ನೂ ಈ ಕವಿಯೇ ಹೊಗಳಿದ್ದಾರೆ. ತನ್ನನ್ನು ತಾನೇ ಪೂರ್ವಕವಿಯೆಂದು ಯಾರೂ ಸ್ತುತಿಸಿಕೊಳ್ಳರು.

ಎರಡನೆಯ ತಪ್ಪು ಸ್ಥಳವನ್ನು ಕುರಿತದ್ದು. ಈ ಕವಿ ತಮ್ಮ ವಿಷಯವನ್ನು ಎಷ್ಟು ಖಚಿತವಾಗಿ ಬರೆದಿಟ್ಟಿದ್ದಾರೆಂದರೆ, ನಮ್ಮ ಪ್ರಾಚೀನ ಕವಿಗಳಲ್ಲಿ ಅಂಥವರು ವಿರಳ. ಅರವತ್ತಾರನೆಯ, ಎಂದರೆ ಕೊನೆಯ, ಸರ್ಗದಲ್ಲಿ ಲೋಹಾಚಾರ್ಯರಿಂದ ತಮ್ಮವರೆಗಿನ ಗುರುಪರಂಪರೆಯನ್ನು ಎಡೆಬಿಡದೆ ಕೊಡುತ್ತಾರೆ. ಅದರಲ್ಲಿ ಪುನ್ನಾಟ ಗಣದ ಅಗ್ರಣಿಯಾಗಿ ನೂರು ವರ್ಷಗಳಿಗೂ ಮೀರಿ ಬಾಳಿದ ಅಮಿತಸೇನರ ಉಲ್ಲೇಖವಿದೆ. ಆಮೇಲೆ ಕಾಲವನ್ನು ಹೇಳುತ್ತಾರೆ: ಶಕವರ್ಷ 705, ಅಂದರೆ ಕ್ರಿ.ಶ. 783. ಆಗ ಉತ್ತರವನ್ನು ಇಂದ್ರಾಯುಧನೂ, ದಕ್ಷಿಣವನ್ನು ಕೃಷ್ಣನ ಮಗ ಶ್ರೀವಲ್ಲಭನೂ ಆಳುತ್ತಿದ್ದರು. ಅವಂತಿಯ ವತ್ಸರಾಜನನ್ನೂ ಸೌರಮಂಡಲದ ವರಾಹನನ್ನೂ ಅವರು ಹೆಸರಿಸುತ್ತಾರೆ. ಕೊನೆಯಲ್ಲಿ ಸ್ಥಳ: ವರ್ಧಮಾನಪುರದಲ್ಲಿ ನನ್ನರಾಜನ ಹೆಸರಿನ ಪಾರ್ಶ್ವನಾಥ ವಸತಿಯಲ್ಲಿ ಆರಂಭ, ದೋಸ್ತಟಿಕೆಯ ಶಾಂತಿನಾಥಾಲಯದಲ್ಲಿ ಮುಕ್ತಾಯ. ಇಡೀ ಭರತಖಂಡದ ಎಂಟನೆಯ ಶತಮಾನದ ಇತಿಹಾಸವನ್ನು ಬರೆಯುವವರೆಲ್ಲ ಈ ಶ್ಲೋಕಗಳಿಗೆ ಋಣಿಗಳು. ಮಿತಿ, ಊರು, ಅಂದಿನ ಅರಸು ಇವಿಷ್ಟನ್ನೂ ಕಿರ್ದಿಯ ನಮೂದಿನಂತೆ ಬರೆದಿಟ್ಟ ಕವಿಗೆ, ಅವರು ಎಲ್ಲಿಯೂ ಹೇಳದ ಒಂದು ಜನ್ಮಭೂಮಿಯನ್ನು ನಾವು ಜಮೆ ಮಾಡಹೊರಟಿದ್ದೇವೆ. ವರ್ಧಮಾನಪುರವು ಸೌರಾಷ್ಟ್ರದ ವಢವಾಣವೆಂದು ಕೆಲವರೂ, ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬದನಾವರವೆಂದು ಕೆಲವರೂ ವಾದಿಸುತ್ತಾರೆ. ಯಾವುದಾದರೂ ಆಗಲಿ, ಕಪಿಲೆಯ ದಡವಂತೂ ಅಲ್ಲ.

ಹಾಗಾದರೆ ಈ ನೀರಿಗೂ ಆ ಕಾವ್ಯಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಸಂಘದ ಸಂಬಂಧ. ನಾಡಿನ ಹೆಸರನ್ನು ಹೊತ್ತ ಮುನಿಸಂಘವೊಂದು ಆ ನಾಡಿನಿಂದ ಬಹುದೂರ ವಿಹರಿಸಿ, ಅಲ್ಲಿ ಶತಮಾನಗಳ ಕಾಲ ಹಳೆಯ ಹೆಸರಿನಿಂದಲೇ ಬಾಳಿತು. ಜಿನಸೇನರ ಒಂದೂವರೆ ಶತಮಾನದ ಅನಂತರ, ಶಕವರ್ಷ 853ರಲ್ಲಿ, ಅದೇ ವರ್ಧಮಾನಪುರದಲ್ಲಿ, ಅದೇ ಪುನ್ನಾಟ ಸಂಘದ ಹರಿಷೇಣರು ಬೃಹತ್ಕಥಾಕೋಶವನ್ನು ಬರೆದರು. ಅದನ್ನು ಡಾ. ಆ. ನೇ. ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಆ ಕೋಶದ ಭದ್ರಬಾಹು ಕಥೆ ನಮಗೆ ಅಷ್ಟು ರುಚಿಸುವಂಥದಲ್ಲ. ಅದರ ಪ್ರಕಾರ ಭದ್ರಬಾಹುಸ್ವಾಮಿಗಳು ದಕ್ಷಿಣಕ್ಕೆ ಬರಲೇ ಇಲ್ಲ. ಸಂಘವನ್ನು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಕರೆತಂದವರು ವಿಶಾಖಾಚಾರ್ಯರು. ಮುನಿದೀಕ್ಷೆಯನ್ನು ಪಡೆದ ಚಂದ್ರಗುಪ್ತನೇ ಅವರು. ನಮ್ಮ ಕನ್ನಡ ವಡ್ಡಾರಾಧನೆಯಾದರೋ ಭದ್ರಬಾಹು ಭಟಾರರನ್ನು ಕಳ್ಬಪ್ಪಿಗೆ ಕರೆತರುತ್ತದೆ. ಶ್ರವಣಬೆಳಗೊಳದ ಶಾಸನಗಳೂ ಆ ಪರಂಪರೆಯ ಕಡೆಗೇ ಇವೆ. ಈ ಕಥೆಯನ್ನು ಉದಾಹರಿಸುವ ನಮ್ಮ ಭಾಷಣಕಾರರು ಹರಿಷೇಣರಿಂದ ಪುನ್ನಾಟದ ಹೆಸರನ್ನು ಮಾತ್ರ ಎತ್ತಿಕೊಂಡು, ಉಳಿದುದನ್ನು ಮರೆಮಾಡುತ್ತಾರೆ. ಬೇಕಾದ ಪುಟವನ್ನು ತೋರಿಸಿ ಬೇಡವಾದ ಪುಟವನ್ನು ಮಡಿಸಿಡುವ ಲೆಕ್ಕಪತ್ರವನ್ನು ಯಾವ ಲೆಕ್ಕ ಪರಿಶೋಧಕರೂ ಒಪ್ಪುವುದಿಲ್ಲ. ಎರಡು ಪರಂಪರೆಗಳು ಎರಡು ಬಗೆಯಾಗಿ ಹೇಳುತ್ತವೆಯೆಂದು ಹೇಳಿಬಿಟ್ಟರೆ ಬೆಳಗೊಳದ ಮಹಿಮೆಗೆ ಕೂದಲೆಳೆಯಷ್ಟೂ ಕುಂದು ಬರದು.

ಇನ್ನೊಂದು ಪ್ರಲೋಭನೆಯೂ ಇದೆ. ನಾನೇ ಒಂದು ರಾತ್ರಿ ಅದಕ್ಕೆ ಸಿಕ್ಕಿದ್ದೆ. ಹರಿವಂಶದ ವಸುದೇವ ವೃತ್ತಾಂತದ ಕಥೆಗಳಿಗೆ ಗುಣಾಢ್ಯನ ಬೃಹತ್ಕಥೆಯ ಸಂಬಂಧವಿದೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಗಂಗರ ತಾಮ್ರಶಾಸನವು ಆ 'ವಡ್ಡಕಥೆ'ಯನ್ನು ಸಂಸ್ಕೃತಕ್ಕೆ ತಂದವನು ದುರ್ವಿನೀತನೆನ್ನುತ್ತದೆ. ದುರ್ವಿನೀತನು ಪುನ್ನಾಟದ ದೌಹಿತ್ರ. ಆದುದರಿಂದ ಕಥೆ ಕೀರ್ತಿಪುರದಿಂದಲೇ ಸಂಘದ ಜೊತೆಯಲ್ಲಿ ಹೊರಟು ವರ್ಧಮಾನಪುರವನ್ನು ಸೇರಿತು ಎನ್ನಬಹುದಲ್ಲವೆ! ಬೆಳಗಾದ ಮೇಲೆ ನೋಡಿದರೆ, ಮೂರು ನಿಜವಾದ ಸಂಗತಿಗಳನ್ನು ಒಂದು ಇಚ್ಛೆಯ ದಾರದಿಂದ ಪೋಣಿಸಿದ್ದೆ, ಅಷ್ಟೇ. ಅದೇ ಕಥೆಗಳು ಸಂಘದಾಸಗಣಿಯ ಪ್ರಾಕೃತ ವಸುದೇವಹಿಂಡಿಯಲ್ಲಿಯೂ ಇವೆ. ಅದು ಪಶ್ಚಿಮ ಭಾರತದಲ್ಲಿ ಬಳಕೆಯಲ್ಲಿದ್ದ ಗ್ರಂಥ. ಆ ಟಿಪ್ಪಣಿಯನ್ನು ಹರಿದು ಹಾಕಿದೆ.

ಇನ್ನು ಕಾವ್ಯ. ಪಂಡಿತ ಪನ್ನಾಲಾಲ ಜೈನರ ಹಿಂದೀ ಅನುವಾದದೊಡನೆ ಭಾರತೀಯ ಜ್ಞಾನಪೀಠದವರು 1962ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಇದನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಪುಣ್ಯಕ್ಕಾಗಿ, ಎರಡನೆಯ ಸಲ ಕಥೆಗಾಗಿ. ಓದುವವರಿಗೆ ಮೊದಲೇ ಒಂದು ಎಚ್ಚರಿಕೆ ಹೇಳುವುದು ಒಳ್ಳೆಯದು. ನಾಲ್ಕನೆಯ ಸರ್ಗದಿಂದ ಏಳನೆಯದರವರೆಗೆ ಲೋಕವಿಭಾಗದ ವರ್ಣನೆ. ದ್ವೀಪಸಮುದ್ರಗಳ ವಿಸ್ತಾರ, ನರಕಭೂಮಿಗಳ ಅಳತೆ, ಕಾಲಚಕ್ರ. ಶಾಸ್ತ್ರವಾಗಿ ಅದು ಬೆಲೆಯುಳ್ಳದ್ದು. ಕಾವ್ಯವಾಗಿ ಅಲ್ಲಿ ಏನೂ ನಡೆಯುವುದಿಲ್ಲ. ಮೂವತ್ತನಾಲ್ಕನೆಯ ಸರ್ಗದ ಉಪವಾಸವಿಧಿಗಳೂ ಹಾಗೆಯೇ. ಆಚಾರ್ಯರು ಕವಿಯಾಗಿರುವುದಕ್ಕಿಂತ ಅಧ್ಯಾಪಕರಾಗಿರುವ ಸ್ಥಳಗಳು ಇವು. ಇದನ್ನು ಹೇಳಿದರೆ ಅವಿನಯವಾಗುವುದೆಂದು ನನಗೆ ತೋರುವುದಿಲ್ಲ. ಈ ಸರ್ಗಗಳಲ್ಲಿಯೇ ದಣಿದು ಗ್ರಂಥವನ್ನು ವೇಷ್ಟನದೊಳಗೆ ಕಟ್ಟಿ ಇಟ್ಟುಬಿಟ್ಟವರನ್ನು ನಾನು ಬಲ್ಲೆ. ಅವರು ಇಪ್ಪತ್ತೊಂದನೆಯ ಸರ್ಗವನ್ನು ತಲುಪಲಿಲ್ಲವಲ್ಲ ಎಂಬುದೇ ನನ್ನ ವ್ಯಥೆ.

ಅಲ್ಲಿರುವುದು ಚಾರುದತ್ತನ ಕಥೆ. ಕೃಷ್ಣನ ತಂದೆಯಾದ ವಸುದೇವನು ಚಂಪಾನಗರದಲ್ಲಿ ವೀಣಾಸ್ಪರ್ಧೆಯಲ್ಲಿ ಗೆದ್ದು ಗಂಧರ್ವಸೇನೆಯನ್ನು ವರಿಸುತ್ತಾನೆ. ಅವಳು ವಿದ್ಯಾಧರಕನ್ಯೆ; ಆದರೆ ಬೆಳೆದದ್ದು ಒಬ್ಬ ವ್ಯಾಪಾರಿಯ ಮನೆಯಲ್ಲಿ. ಇದು ಹೇಗೆ ಎಂದು ಅಳಿಯ ಕೇಳಿದಾಗ ಆ ವ್ಯಾಪಾರಿ, ಚಾರುದತ್ತ, ತನ್ನ ಬಾಳಿನ ಕಥೆಯನ್ನು ತಾನೇ ಹೇಳುತ್ತಾನೆ. ಭಾನುದತ್ತ ಶ್ರೇಷ್ಠಿಯ ಮಗ. ಚಿಕ್ಕಪ್ಪ ರುದ್ರದತ್ತನ ಸಹವಾಸದಿಂದ ವಸಂತಸೇನೆಯೆಂಬ ಗಣಿಕೆಯ ಮನೆ ಸೇರಿ, ಹನ್ನೆರಡು ವರ್ಷ ಅಲ್ಲಿಯೇ ಉಳಿದು, ಕೋಟಿಗಟ್ಟಲೆ ಹಣವನ್ನು ಕಳೆದನು. ಬರಿಗೈಯಾದ ಮೇಲೆ ಹೆಂಡತಿಯ ಒಡವೆಯನ್ನು ಬಂಡವಾಳ ಮಾಡಿಕೊಂಡು ಸೋದರಮಾವನೊಡನೆ ಹತ್ತಿಯ ವ್ಯಾಪಾರಕ್ಕೆ ಹೊರಟನು. ಹತ್ತಿ ಬೆಂಕಿಗೆ ಆಹುತಿಯಾಯಿತು. ಹಡಗು ಒಡೆಯಿತು. ಕಪಟಸಂನ್ಯಾಸಿಯೊಬ್ಬ ರಸದ ಬಾವಿಗೆ ತಳ್ಳಿದನು. ಅಲ್ಲಿ ತನಗಿಂತ ಮೊದಲು ಬಿದ್ದು ಸಾಯುತ್ತಿದ್ದವನೊಬ್ಬನಿಗೆ ಪಂಚನಮಸ್ಕಾರವನ್ನು ಹೇಳಿಕೊಟ್ಟು, ಉಡದ ಬಾಲ ಹಿಡಿದು ಮೇಲೆ ಬಂದನು. ವ್ಯಾಪಾರದ ಕಷ್ಟನಷ್ಟಗಳನ್ನು ಇಷ್ಟು ಬಲ್ಲ ಮುನಿ ಇನ್ನೊಬ್ಬರಿಲ್ಲವೆಂದು ಓದುವಾಗ ಅನಿಸುತ್ತದೆ.

ಕಥೆಯ ತಿರುಳು ಇನ್ನು ಮುಂದೆ. ಚಾರುದತ್ತ ಪುನಃ ರುದ್ರದತ್ತನನ್ನು ಕೂಡಿಕೊಂಡು ಆಡುಗಳ ಮೇಲೇರಿ, ಆಡು ಮಾತ್ರ ನಡೆಯಬಲ್ಲ ಕಿರುದಾರಿಯಲ್ಲಿ ಬೆಟ್ಟವನ್ನು ದಾಟುತ್ತಾನೆ. ಅಲ್ಲಿಂದ ರತ್ನದ್ವೀಪಕ್ಕೆ ನಡೆದು ಹೋಗುವ ದಾರಿಯಿಲ್ಲ. ರುದ್ರದತ್ತನ ಉಪಾಯ ಹೀಗಿದೆ: ಆಡುಗಳನ್ನು ಕೊಂದು, ಚರ್ಮವನ್ನು ಹೊಲಿದು ಅದರೊಳಗೆ ಕುಳಿತರೆ, ಭಾರುಂಡಪಕ್ಷಿಗಳು ಮಾಂಸವೆಂದು ಭ್ರಮಿಸಿ ಎತ್ತಿಕೊಂಡು ಹೋಗುತ್ತವೆ. ಚಾರುದತ್ತ ಬೇಡವೆನ್ನುತ್ತಾನೆ. ಇಷ್ಟು ದೂರ ನಮ್ಮನ್ನು ಹೊತ್ತು ತಂದ ಪ್ರಾಣಿಯನ್ನು ಕೊಲ್ಲುವುದೆ? ರುದ್ರದತ್ತ ಕೇಳುವುದಿಲ್ಲ. ಚಾರುದತ್ತನ ಆಡು ಸಾಯುವಾಗ ಅದರ ಕಿವಿಯಲ್ಲಿ ಅವನು ಪಂಚನಮಸ್ಕಾರವನ್ನು ಹೇಳುತ್ತಾನೆ. ಆಮೇಲೆ? ಆಮೇಲೆ ಅದೇ ಚರ್ಮದೊಳಗೆ ಕುಳಿತುಕೊಳ್ಳುತ್ತಾನೆ.

ನಮ್ಮ ಪ್ರವಚನಗಳಲ್ಲಿ ಈ ಕಥೆಯನ್ನು ಹೇಳುವವರು ಪಂಚನಮಸ್ಕಾರದಿಂದ ನೇರವಾಗಿ ಫಲಕ್ಕೆ ಹಾರುತ್ತಾರೆ. ಆಡು ದೇವನಾಯಿತು, ರಸದ ಬಾವಿಯ ಮನುಷ್ಯನೂ ದೇವನಾದನು. ಮುನಿಗಳ ಸನ್ನಿಧಿಯಲ್ಲಿ ಇಬ್ಬರೂ ಇಳಿದು ಬಂದು ಮೊದಲು ಚಾರುದತ್ತನಿಗೂ ಆಮೇಲೆ ಮುನಿಗಳಿಗೂ ನಮಸ್ಕರಿಸಿದರು. ಕ್ರಮ ತಪ್ಪಿತಲ್ಲವೆ ಎಂದು ಕೇಳಿದವರಿಗೆ, ಇವನೇ ನಮ್ಮ ಮೊದಲ ಗುರು ಎಂದರು. ಪ್ರಸಂಗ ಸುಂದರವಾದದ್ದೇ. ಮಂತ್ರದ ಮಹಿಮೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಆದರೆ ಚರ್ಮದ ಮಾತನ್ನು ಯಾರೂ ಎತ್ತುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಎಂಟನೆಯ ಸೂತ್ರದಲ್ಲಿ ಆಸ್ರವದ ಅಧಿಕರಣವನ್ನು ವಿಂಗಡಿಸುವಾಗ ಸಂರಂಭಾದಿಗಳು ಮೂರು, ಯೋಗ ಮೂರು, ಕೃತ ಕಾರಿತ ಅನುಮತ ಎಂದು ಮೂರು, ಕಷಾಯ ನಾಲ್ಕು, ಹೀಗೆ ಗುಣಿಸಿ ನೂರೆಂಟು ಭೇದಗಳಾಗುತ್ತವೆ. ಜಪಮಾಲೆಯ ನೂರೆಂಟು ಮಣಿಗಳಿಗೆ ಇದೇ ಲೆಕ್ಕವೆಂದು ಹಿರಿಯರು ಹೇಳುತ್ತಿದ್ದರು. ಚಾರುದತ್ತ ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ, ಬಾಯಲ್ಲಿ ಅನುಮತಿಸಲೂ ಇಲ್ಲ. ಆದರೆ ಕೊಂದುದರ ಫಲದೊಳಗೆ ಕುಳಿತು ರತ್ನದ್ವೀಪದ ಕಡೆಗೆ ಹಾರಿದನು. ಇದು ಯಾವ ಮಣಿ?

ಈ ಪ್ರಶ್ನೆ ನನ್ನನ್ನು ಓದಿನಲ್ಲಿ ಮಾತ್ರ ಕಾಡಿದ್ದಲ್ಲ. ಹುಣಸೂರು, ಪಿರಿಯಾಪಟ್ಟಣದ ಸೀಮೆ ಹೊಗೆಸೊಪ್ಪಿನ ನಾಡು. ಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು. ವರ್ಷಗಳ ಹಿಂದೆ ನಾನು ಪಾಲುದಾರನಾಗಿದ್ದ ಒಂದು ಮಂಡಿಯಲ್ಲಿ, ಜೊತೆಯ ಪಾಲುದಾರರೊಬ್ಬರು ಸೌದೆ ಸರಬರಾಜಿಗೆ ಇಳಿದರು. ನಾನು ಬೇಡವೆಂದೆ. ಶ್ರಾವಕಾಚಾರದ ಗ್ರಂಥಗಳು ಖರಕರ್ಮಗಳೆಂದು ನಿಷೇಧಿಸಿದ ವನಜೀವಿಕೆ, ಅಗ್ನಿಜೀವಿಕೆಗಳನ್ನೂ ಹೆಸರಿಸಿ ಹೇಳಿದೆ. ಅವರು ನಕ್ಕು, "ನೀವು ಅದರ ತಂಟೆಗೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ" ಎಂದರು. ಬರಲಿಲ್ಲ. ಯುಗಾದಿಗೆ ಮುಂಚೆ ಲೆಕ್ಕ ಮುಗಿಸಿ ಲಾಭ ಹಂಚಿದಾಗ ನನ್ನ ಪಾಲನ್ನು ಪೂರ್ತಿಯಾಗಿ ತೆಗೆದುಕೊಂಡೆ. ಖಾತೆಯಲ್ಲಿ ಸೌದೆಯ ಲಾಭ ಬೇರೆಯಾಗಿ ಕಾಣುತ್ತಿರಲಿಲ್ಲ. ಕಾಣದಂತೆ ಇಟ್ಟದ್ದು ನನಗೂ ಅನುಕೂಲವಾಗಿಯೇ ಇತ್ತು. ಮೂರು ವರ್ಷ ಹೀಗೆ ನಡೆಯಿತು. ಆ ದಿನಗಳಲ್ಲಿ ಪ್ರತಿದಿನ ಬೆಳಿಗ್ಗೆ ಪಂಚನಮಸ್ಕಾರವನ್ನು ತಪ್ಪದೆ ಹೇಳುತ್ತಿದ್ದೆ.

ಹರಿವಂಶವನ್ನು ಎರಡನೆಯ ಸಲ ಓದಿದ್ದು ಅದಾದ ಮೇಲೆ. ಮೊದಲು ನನಗೆ ಕವಿಯ ಮೇಲೆಯೇ ಅಸಮಾಧಾನವಾಯಿತು. ದೇವನ ನಮಸ್ಕಾರವನ್ನು ಇಷ್ಟು ವಿಸ್ತಾರವಾಗಿ ಹೇಳಿದವರು, ಚರ್ಮದೊಳಗೆ ಕುಳಿತ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಯಾಕೆ ಬಿಡಿಸಿ ಹೇಳಲಿಲ್ಲ? ಇದು ಕಾವ್ಯದ ಕೊರತೆಯೆಂದು ಅಂಚಿನಲ್ಲಿ ಬರೆದುಕೊಂಡೂ ಇದ್ದೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪುರಾಣವನ್ನು ಶ್ರೇಣಿಕನಿಗೆ ಹೇಳುತ್ತಿರುವವರು ಗೌತಮ ಗಣಧರರು. ಚಾರುದತ್ತನ ಕಥೆಯನ್ನೂ ಅವರ ಮಾತಿನಲ್ಲೇ ನಡೆಸಬಹುದಾಗಿತ್ತು. ಕವಿ ಹಾಗೆ ಮಾಡದೆ, ಅದನ್ನು ಚಾರುದತ್ತನ ಬಾಯಿಗೇ ಕೊಟ್ಟಿದ್ದಾರೆ, ಕೇಳುವವನು ಅಳಿಯ. ಹೊಸ ಅಳಿಯನ ಮುಂದೆ ಮನೆಯ ಮಾನವನ್ನು ಕಾಪಾಡಿಕೊಳ್ಳಲು ಯಾವ ಮಾವನಾದರೂ ನಾಲ್ಕು ಸಂಗತಿಗಳನ್ನು ನುಂಗಿಕೊಳ್ಳುತ್ತಾನೆ. ಈತ ಗಣಿಕೆಯ ಮನೆಯನ್ನೂ ಹೇಳಿದನು, ಹೆಂಡತಿಯ ಒಡವೆಯನ್ನೂ ಹೇಳಿದನು, ಆಡಿನ ಚರ್ಮವನ್ನೂ ಹೇಳಿದನು. ದೇವನು ಬಂದು ಗುರುವೆಂದು ನಮಸ್ಕರಿಸಿದ ಮೇಲೆ ಚರ್ಮದ ಮಾತನ್ನು ಬಿಟ್ಟುಬಿಡುವುದು ಎಷ್ಟು ಸುಲಭ! ಆಲೋಚನೆಯೆಂದು, ತಪ್ಪನ್ನು ಗುರುಗಳ ಮುಂದೆ ಮುಚ್ಚದೆ ನಿವೇದಿಸುವುದೆಂದು, ನಮ್ಮ ಶಾಸ್ತ್ರಗಳಲ್ಲಿ ಹೇಳಿರುವುದನ್ನು ಈ ಕವಿ ಕಥೆಯ ರೂಪದಲ್ಲಿಯೇ ಇಟ್ಟಿದ್ದಾರೆಂದು ಈಗ ನನ್ನ ಅಭಿಪ್ರಾಯ. ಅಂಚಿನ ಟಿಪ್ಪಣಿಯನ್ನು ಹೊಡೆದುಹಾಕಿದ್ದೇನೆ. ಆದರೂ ಒಂದು ಶ್ಲೋಕವನ್ನಾದರೂ ಅವರು ಹೆಚ್ಚಿಗೆ ಕೊಟ್ಟಿದ್ದರೆ, ಹನ್ನೆರಡು ಶತಮಾನಗಳ ಪ್ರವಚನಕಾರರಿಗೆ ತಪ್ಪಿಸಿಕೊಳ್ಳಲು ದಾರಿಯಿರುತ್ತಿರಲಿಲ್ಲ.

ಇದೇ ದೃಷ್ಟಿಯಿಂದ ನೋಡಿದಾಗ ನೇಮಿಕುಮಾರನ ಪ್ರಸಂಗವೂ ಬೇರೆಯಾಗಿ ಕಾಣುತ್ತದೆ. ಮದುವೆಗೆ ಹೊರಟ ನೇಮಿಸ್ವಾಮಿ ದಾರಿಯಲ್ಲಿ ಕೂಡಿಹಾಕಿದ ಮೃಗಗಳನ್ನು ಕಂಡು, ಇವು ಯಾತಕ್ಕೆ ಎಂದು ಸಾರಥಿಯನ್ನು ಕೇಳುತ್ತಾರೆ. ತಮ್ಮ ಮದುವೆಯ ಔತಣಕ್ಕೆಂದು ತಿಳಿದು ಹಿಂದಿರುಗುತ್ತಾರೆ. ಅವರೂ ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಆದರೆ ತಮ್ಮ ನಿಮಿತ್ತವಾಗಿ ನಡೆಯುವುದನ್ನು ತಮ್ಮದಲ್ಲವೆನ್ನಲಿಲ್ಲ. ಚಾರುದತ್ತ ಚರ್ಮದೊಳಗೆ ಕುಳಿತನು, ನೇಮಿಸ್ವಾಮಿ ರಥವನ್ನು ತಿರುಗಿಸಿದರು. ಗೃಹಸ್ಥನಿಗೂ ತೀರ್ಥಂಕರರಿಗೂ ನಡುವಣ ಅಂತರ ಈ ಒಂದೇ ಪುರಾಣದೊಳಗೆ ಇದೆ.

ಈ ನೇಮಿಕಥೆ ಕನ್ನಡಿಗರಿಗೆ ಎಷ್ಟು ಪ್ರಿಯವಾಯಿತೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಕರ್ಣಪಾರ್ಯ, ಅರ್ಧನೇಮಿಯ ನೇಮಿಚಂದ್ರ, ಬಂಧುವರ್ಮ, ಮಹಾಬಲ, ಸಾಳ್ವ ಇವರೆಲ್ಲರೂ ಆ ವಂಶದ ಕಥೆಯನ್ನು ಹಾಡಿದವರು. ನನಗೆ ಮುಖ್ಯವಾಗಿ ತೋರುವವನು ಇದೇ ಸೀಮೆಯ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ. ಹದಿನಾರನೆಯ ಶತಮಾನದ ಆರಂಭದವನು, ಚೆಂಗಾಳ್ವರ ಆಶ್ರಯದ ಪ್ರಭುಕುಲದವನು. ಅವನ ನೇಮಿಜಿನೇಶಸಂಗತಿ ಸಾಂಗತ್ಯದಲ್ಲಿದೆ, ಎಂದರೆ ಹೆಣ್ಣುಮಕ್ಕಳೂ ಹಾಡಿಕೊಳ್ಳಬಹುದಾದ ಮಟ್ಟಿನಲ್ಲಿ. ಪುನ್ನಾಟವನ್ನು ಬಿಟ್ಟುಹೋದ ಸಂಘದ ಆಚಾರ್ಯರು ದೂರದ ವರ್ಧಮಾನಪುರದಲ್ಲಿ ಸಂಸ್ಕೃತದಲ್ಲಿ ಹಾಡಿದ ಕಥೆ, ಏಳು ಶತಮಾನಗಳ ಮೇಲೆ ಹಳೆಯ ಪುನ್ನಾಟದ ನೆರೆಯಲ್ಲಿಯೇ ಕನ್ನಡದ ಹಾಡಾಯಿತು. ಇದೇ ಮಂಗರಸನು ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥವನ್ನೂ ಬರೆದಿದ್ದಾನೆ, ಪೂರ್ತಿ ಸಸ್ಯಾಹಾರದ್ದು. ನೇಮಿಸ್ವಾಮಿ ಹಿಂದಿರುಗಿದ ಮದುವೆಯ ಮನೆಯನ್ನೂ, ಯಾವ ಜೀವಿಯನ್ನೂ ಕೂಡಿಹಾಕದೆ ಔತಣ ಮಾಡುವ ಬಗೆಯನ್ನೂ ಒಬ್ಬನೇ ಕವಿ ಬರೆದನೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಕಲ್ಲಹಳ್ಳಿಯೆಂದರೆ ಇಂದು ಎಲ್ಲರಿಗೂ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ಊರೆಂದು ನೆನಪಾಗುತ್ತದೆ. ಅದು ನ್ಯಾಯವೇ. ಆದರೆ ನಮ್ಮ ಸಮಾಜದವರಿಗಾದರೂ ಮಂಗರಸನ ಹೆಸರು ಮೊದಲು ನೆನಪಾಗಬೇಡವೆ? ಫಲಕ ನಿಲ್ಲಿಸುವ ಉತ್ಸಾಹವಿರುವ ಟ್ರಸ್ಟಿನವರಿಗೆ ಅಲ್ಲಿ ಸಾಧಾರವಾದ ಅವಕಾಶವಿದೆ.

ಹಿನ್ನೀರಿನ ಬಳಿ ಕುಳಿತಾಗ ದ್ವಾರಾವತಿಯ ದಹನದ ಸರ್ಗ ನೆನಪಾಯಿತು. ಗ್ರಂಥದ ಅತ್ಯುತ್ತಮ ಭಾಗ ಅದೇ. ಮದ್ಯವನ್ನು ಊರಾಚೆ ಚೆಲ್ಲಿಸಿದರೂ ಯಾದವಕುಮಾರರು ಅದನ್ನೇ ಕುಡಿದು ಕೆಡುತ್ತಾರೆ; ಹನ್ನೆರಡು ವರ್ಷ ದೂರವಿರಬೇಕೆಂದು ಹೋದ ದ್ವೀಪಾಯನನು ಅವಧಿ ಮುಗಿಯಿತೆಂಬ ಭ್ರಮೆಯಿಂದ ಮುಂಚೆಯೇ ಬಂದುಬಿಡುತ್ತಾನೆ; ಸೋದರನನ್ನು ಕೊ‍ಲ್ಲಬಾರದೆಂದು ಕಾಡಿಗೆ ಓಡಿದ ಜರತ್ಕುಮಾರನ ಬಾಣವೇ ಆ ಕಾಡಿನಲ್ಲಿ ಕೃಷ್ಣನಿಗೆ ತಾಗುತ್ತದೆ. ತಪ್ಪಿಸಿಕೊಳ್ಳುವ ದಾರಿಗಳೆಲ್ಲವೂ ಅಲ್ಲಿಗೇ ಬಂದು ಸೇರುವ ಈ ಕಟ್ಟಡದಲ್ಲಿ ಒಂದು ಕಲ್ಲೂ ಹೆಚ್ಚಿಲ್ಲ. ದ್ವಾರಾವತಿಯಂತೆ ಕೀರ್ತಿಪುರವೂ ಅಳಿಯಿತೆಂದು ಒಂದು ಉಪಮೆಯನ್ನು ಹೇಳಿಬಿಡಲು ನನಗೂ ಮನಸ್ಸಾಯಿತು. ಆದರೆ ಉಪಮೆ ಸರಿಹೊಂದುವುದಿಲ್ಲ. ಕೀರ್ತಿಪುರವನ್ನು ಯಾರ ಮದವೂ ಮುಳುಗಿಸಲಿಲ್ಲ. ಕೆಳಗಿನ ಬಯಲಿನ ಗದ್ದೆಗಳಿಗೆ ನೀರು ಬೇಕಿತ್ತು, ಅದಕ್ಕಾಗಿ ಮುಳುಗಿತು. ಆ ಗದ್ದೆಗಳ ಭತ್ತ ನಮ್ಮೆಲ್ಲರ ಮನೆಗೂ ಬಂದಿದೆ. ಮುಳುಗಡೆಯಾದ ಹಳ್ಳಿಗಳ ರೈತರೂ ಕಾಡಿನ ಜೇನುಕುರುಬರೂ ಕಾಡುಕುರುಬರೂ ಹೊರಗೆ ಬಂದು ಎಲ್ಲೆಲ್ಲಿ ನೆಲೆಯಾದರೆಂದು ನಾವು ವಿಚಾರಿಸಿದವರಲ್ಲ. ನಮಗೆ ಸಿಕ್ಕ ಆ ವೃದ್ಧರನ್ನು ಮಾತನಾಡಿಸಿದಾಗ, "ನಮ್ಮಪ್ಪ ಗದ್ದೆ ಬಿಟ್ಟು ಬಂದದ್ದು ಅಲ್ಲಿಂದಲೇ" ಎಂದಷ್ಟು ಹೇಳಿ ದನಗಳ ಹಿಂದೆ ಹೋದರು. ಚರ್ಮದೊಳಗೆ ಕುಳಿತವರ ಪಟ್ಟಿ ದೊಡ್ಡದೇ ಇದೆ.

ಹಿಂದಿರುಗುವಾಗ ಸೋದರಳಿಯನು, "ಮಾವ, ಬರಿಯ ನೀರು ನೋಡಲು ಯಾರು ಬರುತ್ತಾರೆ? ಜನ್ಮಭೂಮಿಯೆಂದರೆ ನಾಲ್ಕು ಜನ ಬರುತ್ತಾರೆ. ಬೇರೆಯವರು ಹೀಗೆ ಬರೆಸುವುದಿಲ್ಲವೆ? ಇದರಿಂದ ಯಾರಿಗೆ ನಷ್ಟ?" ಎಂದನು. ಅವನ ಮಾತಿನಲ್ಲಿ ಕಪಟವಿಲ್ಲ; ಸಮಾಜದ ಮೇಲಿನ ಅಭಿಮಾನದಿಂದಲೇ ಹೇಳಿದ್ದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ಅವನಿಗೆ ನೆನಪಿಸಿದೆ. ನಾವು ಅದನ್ನು ಸುಳ್ಳು ಪತ್ರ, ಸುಳ್ಳು ಲೆಕ್ಕವೆಂದು ಮಾತ್ರ ತಿಳಿದಿದ್ದೇವೆ. ಕಾಗದದ ಮೇಲೆ ಬರೆದರೆ ಅತಿಚಾರವಾಗುವುದು ಕಲ್ಲಿನ ಮೇಲೆ ಬರೆದರೆ ಪ್ರಭಾವನೆಯಾಗುತ್ತದೆಯೆ? ಅದೂ ತಮ್ಮ ಮಿತಿಯನ್ನೂ ಊರನ್ನೂ ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಆಚಾರ್ಯರ ಹೆಸರಿನಲ್ಲಿ! ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಬರೆಸೋಣ, ನೀವೇ ಬರೆದುಕೊಡಿ" ಎಂದನು.

ಬರೆದುಕೊಟ್ಟಿದ್ದೇನೆ. ಅದು ಹೀಗಿದೆ: "ಕಪಿಲಾ ನದಿಯ ದಡದಲ್ಲಿದ್ದ ಕಿತ್ತೂರು, ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ. 1974ರಲ್ಲಿ ಪೂರ್ಣಗೊಂಡ ಜಲಾಶಯದಲ್ಲಿ ಇದೂ ನೆರೆಯ ಹಳ್ಳಿಗಳೂ ಮುಳುಗಿದವು. ಈ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕವರ್ಷ 705ರಲ್ಲಿ ವರ್ಧಮಾನಪುರದಲ್ಲಿ ಹರಿವಂಶಪುರಾಣವನ್ನು ರಚಿಸಿದರು." ಟ್ರಸ್ಟಿನ ಸಭೆಯಲ್ಲಿ ಇದು ಬಹಳ ಉದ್ದವಾಯಿತೆಂದೂ, ಕೆತ್ತುವವರು ಅಕ್ಷರಕ್ಕೆ ಇಷ್ಟೆಂದು ಕೇಳುತ್ತಾರೆಂದೂ ಆಕ್ಷೇಪಣೆ ಬಂತಂತೆ. ಹೆಚ್ಚಾದ ಅಕ್ಷರಗಳ ವೆಚ್ಚವನ್ನು ನನ್ನ ಖಾತೆಗೆ ಹಾಕಬೇಕೆಂದು ಕಾಗದ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.